ಹಿಟ್ಟಿನ ಡಬ್ಬ

ಮತಪೆಟ್ಟಿಗೆ ಕೌಂಟಿ ಕಚೇರಿಯಿಂದ ಬರಬೇಕಿತ್ತು.
ಹೊಳೆ ದಾಟುವಾಗ ಹೇಸರಗತ್ತೆ ಮುಗ್ಗರಿಸಿತಂತೆ,
ಪೆಟ್ಟಿಗೆ ನೀರು ಪಾಲಾಯಿತಂತೆ.
ಅಂತೆಕಂತೆ ಏನಾದರಿರಲಿ,
ಬೆಳ್ಳಂಬೆಳಗ್ಗೆ ಓರಿನ್ ಕಟ್ಲರ್ ನನ್ನ ಅಡುಗೆಮನೆಗೆ ಬಂದು
ಟೋಪಿ ತೆಗೆದು ಕೇಳಿದ:
"ಮಿಸೆಸ್ ಪೆನ್‌ಹ್ಯಾಲೋ, ಆ ಹಿಟ್ಟಿನ ಡಬ್ಬ ಖಾಲಿಯೇ?"

ಖಾಲಿಯಿರಲಿಲ್ಲ. ತಳದಲ್ಲಿ ಎರಡು ದಿನದ ರೊಟ್ಟಿಗಾಗುವಷ್ಟಿತ್ತು.
ದಿಂಬಿನ ಚೀಲಕ್ಕೆ ಸುರಿದುಕೊಂಡು ಕೊಟ್ಟೆ.
ಮುಚ್ಚಳಕ್ಕೆ ಉಳಿ ಹೊಡೆದು ಒಂದು ಸೀಳು ಕೊರೆದ.
ಆ ಸೀಳಿನ ಅಂಚು ಇವತ್ತಿಗೂ ಬೆರಳು ಕೊಯ್ಯುತ್ತದೆ.

ನಾವಿನ್ನೂ ರಾಜ್ಯವಲ್ಲ, ಬರೀ ಪ್ರಾಂತ್ಯ.
ಬಾವುಟದಲ್ಲಿ ನಮ್ಮ ಪಾಲಿನ ನಕ್ಷತ್ರವಿಲ್ಲ.
ರಾಜ್ಯಪಾಲನನ್ನು ವಾಷಿಂಗ್ಟನ್ನಿನವರು ಕಳಿಸುತ್ತಾರೆ,
ಮೊದಲ ಹಿಮ ಬಿದ್ದೊಡನೆ ಅವನು ಊರಿಗೆ ಹೋಗುತ್ತಾನೆ.
ನಮ್ಮದೆನ್ನುವುದು ಶಾಸನಸಭೆಯ ಒಂದು ಕುರ್ಚಿ,
ಅದೂ ಪಕ್ಕದ ಕಣಿವೆಯವರೊಡನೆ ಪಾಲು.
ಆ ಅರ್ಧ ಕುರ್ಚಿಗಾಗಿ ಮೂರು ವಾರದಿಂದ
ಎರಡು ದವಡೆ, ಒಂದು ಮದುವೆ ಮಾತುಕತೆ ಮುರಿದಿದ್ದವು.

ಚೀಟಿಗೆ ಎರಡು ಬಣ್ಣ.
ಹಳದಿ ಗಣಿ ಕಂಪನಿಯವರದು, ಬಿಳಿ ಉಳಿದವರದು.
ಗುಟ್ಟೇನಿಲ್ಲ: ಯಾರ ಕೈಯಲ್ಲಿ ಯಾವುದೆಂದು
ಬಾಗಿಲಲ್ಲಿ ನಿಂತ ಮೇಸ್ತ್ರಿ ಬೆರಳು ಮಡಚಿ ಎಣಿಸುತ್ತಿದ್ದ.

ನಾನು ಒಲೆ ಮುಂದೆ.
ಮತ ನನಗಿಲ್ಲ, ಕಾಫಿ ಮಾತ್ರ ನನ್ನದು.
ತಿಂಗಳಿಗೆ ನಾಲ್ಕು ಡಾಲರ್ ತೆರಿಗೆ ಕಟ್ಟುವ ಮೋಕ್ ಸಿಂಗ್‌ಗೂ ಇಲ್ಲ.
ಸೌದೆ ಇಳಿಸಿ, ಡಬ್ಬದತ್ತ ನೋಡಿ ಕೇಳಿದ,
"ಇವತ್ತು ರೊಟ್ಟಿ ಇಲ್ಲವಾ?"
ಹೊಳೆಯಾಚೆ ಹಣ್ಣು ಆಯುತ್ತಿದ್ದ ಶೊಶೋನಿ ಹೆಂಗಸರನ್ನು
ಕೇಳುವವರೇ ಇರಲಿಲ್ಲ.
ಕೌಂಟಿಗೆ ಇಟ್ಟದ್ದು ಮಾತ್ರ ಅವರ ಹೊಳೆಯ ಹೆಸರು.

ದೀಪ ಹಚ್ಚಿ ಎಣಿಕೆ.
ಬಿಡಾರದಲ್ಲಿ ಗಂಡಸರು ನಲವತ್ತಮೂರು,
ಡಬ್ಬದಲ್ಲಿ ಚೀಟಿ ಅರವತ್ತೊಂದು.
ಹೆಚ್ಚಿಗೆ ಬಂದ ಹದಿನೆಂಟೂ ಹಳದಿ ಅಂತ
ಕುರುಡನೂ ಹೇಳಬಹುದಿತ್ತು.
ಲೆಮ್ಯುಯೆಲ್ ಗಾಫ್ ಪುಸ್ತಕ ತೆರೆದು ಹೆಸರು ಓದುತ್ತಾ ಹೋದ.
ಇಪ್ಪತ್ತೊಂಬತ್ತು: ಜೇಬೆಜ್ ಪೆನ್‌ಹ್ಯಾಲೋ.

ಸೌಟು ಕೈಯಲ್ಲೇ ಉಳಿಯಿತು.
ಮಾರ್ಚಿನಲ್ಲಿ ಮೂರನೇ ಸುರಂಗ ಕುಸಿದಾಗ
ಅಗೆದು ಹೊರತೆಗೆದವರಲ್ಲಿ ಈ ಕಟ್ಲರನೂ ಇದ್ದ.
ಬೂಟು ನೋಡಿ ಗುರುತು ಹೇಳಿದವಳು ನಾನು.
ಗಾಫ್ ಒಮ್ಮೆ ಕೆಮ್ಮಿದ, ಮೂವತ್ತಕ್ಕೆ ದಾಟಿದ.
ಯಾರೂ ತಲೆಯೆತ್ತಲಿಲ್ಲ.

ಕಾರ್ನ್‌ವಾಲಿನಲ್ಲಿ ಧಣಿಗೆ ಟೋಪಿ ತೆಗೆಯದೆ ಕೆಲಸ ಕಳಕೊಂಡವನು,
ಇಲ್ಲಿ ಕಂಪನಿಯ ಹೆಸರೆತ್ತಿದರೆ ಉಗಿಯುತ್ತಿದ್ದವನು
ಹಳದಿ ಚೀಟಿ ಹಾಕಿದ್ದಾನೆ.
ಸತ್ತ ಮೇಲೆ ಬುದ್ಧಿ ಬಂತೋ ಏನೋ.

ಅಳು ಬರಲಿಲ್ಲ. ಸಿಟ್ಟು ಬಂತು, ಅವನ ಮೇಲೇ.
ಮಣ್ಣಿನಿಂದೆದ್ದು ಇಷ್ಟು ದೂರ ಇಳಿದು ಬಂದವನು,
ನನ್ನದೇ ಮೇಜಿನ ಮುಂದೆ ಸಾಲು ನಿಂತವನು,
ಒಲೆ ಕಡೆ ಒಮ್ಮೆ ತಿರುಗಿ ನೋಡಬಾರದಿತ್ತೇ?

ರಾತ್ರಿ ಕಟ್ಲರ್ ಬೆಂಚಿನ ಮೇಲೆ ಗೊರಕೆ ಹೊಡೆಯುವಾಗ
ಮುಚ್ಚಳ ತೆಗೆದೆ.
ಚೀಟಿಗಳಿಗೆಲ್ಲ ಹಿಟ್ಟು ಮೆತ್ತಿ
ಹಳದಿಯೂ ಅರ್ಧ ಬಿಳಿ.
ಯಾವುದು ಅವನದು? ಒಂದೊಂದನ್ನೇ ಮೂಸಿದೆ, ನಗಬೇಡಿ,
ಹೊಗೆಸೊಪ್ಪು, ಮದ್ದಿನ ಪುಡಿ, ಏನಾದರೂ.
ಎಲ್ಲಕ್ಕೂ ರೊಟ್ಟಿಯ ವಾಸನೆ.
ಕೊನೆಗೆ ಒಂದನ್ನು ತೆಗೆದು ಕೆಂಡಕ್ಕೆ ಹಾಕಿದೆ,
ಅದೇ ಅವನದೆಂದುಕೊಂಡು.

ಕೌಂಟಿಯಲ್ಲಿ ಮತ್ತೆ ಎಣಿಸಿದರಂತೆ.
ಸರಿಯಾಗಿ ಅರವತ್ತೊಂದೇ ಬಂತಂತೆ.

ನವೆಂಬರಿನಲ್ಲಿ ಡಬ್ಬ ವಾಪಸು ಬಂತು, ಒಂದು ಬದಿ ನುಜ್ಜಾಗಿ.
ಅಡುಗೆಮನೆ ಬಾಡಿಗೆ, ಮೋಂಬತ್ತಿ, ಕಾಫಿ, ಎಲ್ಲಾ ಸೇರಿ
ಮೂರು ಡಾಲರ್ ಅಂತ ಪ್ರಾಂತ್ಯಕ್ಕೆ ಬರೆದೆ.
ಇನ್ನೂ ಬಂದಿಲ್ಲ.
ಮುಚ್ಚಳದ ಸೀಳಿಗೆ ಚಿಂದಿ ತುರುಕಿದ್ದೇನೆ,
ಹಿಟ್ಟಿಗೆ ಹುಳ ಬೀಳದ ಹಾಗೆ.